ಗಾಲಿಯ ಅಗಲ, ಅಚ್ಚಿನ ಲೆಕ್ಕ

ಕರ್ಣನ ರಥದ ಗಾಲಿ ನೆಲದಲ್ಲಿ ಹೂತುಹೋದ ಕಥೆಯನ್ನು ಕೇಳದ ಕನ್ನಡ ಮನೆ ವಿರಳ. ಕವಿಗಳು ಅದನ್ನು ಶಾಪದ ಫಲವೆಂದರು. ನಮ್ಮ ಕಡೆಯ ಬಡಿಗನನ್ನು ಕೇಳಿದರೆ ಶಾಪವನ್ನು ಅಲ್ಲಗಳೆಯದೆಯೇ ಇನ್ನೊಂದು ಮಾತು ಕೂಡಿಸಿಯಾನು: ಭಾರ ಹೆಚ್ಚಿ, ನೆಲ ಮೆತ್ತಗಿದ್ದು, ಗಾಲಿ ಕಿರಿದಾದರೆ ಯಾವ ರಥವೂ ಹೂಳುವುದೇ. ಗಾಲಿ ಎಷ್ಟು ಅಗಲವಿರಬೇಕು, ಅಚ್ಚಿನ ಮೇಲೆ ಎಲ್ಲಿ ಕೂಡಬೇಕು ಎಂಬ ಎರಡು ಪ್ರಶ್ನೆಗಳು ರಥದಷ್ಟೇ ಹಳೆಯವು. ಇಂದು ಕಾರಿಗೆ ಹೊಸ ಗಾಲಿ ಕೊಳ್ಳಲು ಹೊರಟ ತಮ್ಮ ಮಗನ ಮುಂದಿರುವವೂ ಅವೇ.

ನಮ್ಮ ಹಿರಿಯರು ಗಾಲಿಯ ಪ್ರತಿ ಅಂಗಕ್ಕೂ ಹೆಸರಿಟ್ಟಿದ್ದರು. ಅಮರಕೋಶದಲ್ಲಿ ಅಂಚಿಗೆ ನೇಮಿ, ನಡುವಿನ ಗುಂಬಕ್ಕೆ ನಾಭಿ, ಅಚ್ಚಿನ ತುದಿಯ ಕೀಲಿಗೆ ಅಣಿ ಎಂಬ ಮಾತುಗಳಿವೆ. ಆ ಅಣಿಯೇ ಕನ್ನಡದ ಆಣಿ; ಅಚ್ಚಿನ ಕಡೆಯಲ್ಲಿರುವ ಆಣಿಯೇ ಕಡಾಣಿ. ಗಾಲಿ ಹೊರಗೆ ಜಾರದಂತೆ ತಡೆಯುವುದು ಬೆರಳುದ್ದದ ಈ ಕಬ್ಬಿಣ. ಗಾಲಿ ತನ್ನ ಜಾಗ ಬಿಟ್ಟು ಹೊರಗೆ ಸರಿದರೆ ಅಪಾಯವೆಂಬ ಅರಿವು ಆ ಹೆಸರಿನಲ್ಲಿಯೇ ಅಡಗಿದೆ.

ಹಾವೇರಿ ಜಿಲ್ಲೆಯ ನಾಲ್ಕು ತಾಲೂಕುಗಳನ್ನು ಕಣ್ಣಮುಂದೆ ತಂದುಕೊಳ್ಳಿ. ಹಾನಗಲ್ಲ ಮಲೆನಾಡಿನ ಸೆರಗು, ಭತ್ತದ ಗದ್ದೆಗಳ ಸೀಮೆ. ಹಿರೇಕೆರೂರಿನತ್ತ ಕೆಂಪು ಮಣ್ಣು ಕಾಣುತ್ತದೆ. ಸವಣೂರು, ಶಿಗ್ಗಾಂವಿಗಳಿಂದ ಮೂಡಲಕ್ಕೆ ಹೋದಂತೆ ಎರೆಭೂಮಿ. ಮಳೆ ಬಿದ್ದ ಎರೆಯಲ್ಲಿ ನಡೆದವರಿಗೆ ಗೊತ್ತು, ಆ ಮಣ್ಣು ಹಿಡಿದದ್ದನ್ನು ಬಿಡುವುದಿಲ್ಲ. ಇಂಥ ನೆಲದಲ್ಲಿ ಗಾಡಿ ಹೂಡಿದವರು ಕಟ್ಟಿಗೆಯ ಗಾಲಿಗೆ ಕಬ್ಬಿಣದ ಹಳಿ ತೊಡಿಸಿದರು. ಕಮ್ಮಾರನು ಹಳಿಯನ್ನು ಬೆಂಕಿಯಲ್ಲಿ ಕಾಯಿಸಿ, ಹಿಗ್ಗಿದಾಗ ಗಾಲಿಗೆ ಕೂಡಿಸಿ ನೀರು ಹೊಯ್ಯುತ್ತಿದ್ದ. ತಣಿದ ಹಳಿ ಕುಗ್ಗಿ, ಅರಗಳನ್ನೆಲ್ಲ ಬಿಗಿದು ಹಿಡಿಯುತ್ತಿತ್ತು. ಹಳಿಯ ಅಗಲ ಸಾಮಾನ್ಯವಾಗಿ ಎರಡು ಅಂಗುಲದ ಆಚೆಈಚೆ. ಗಟ್ಟಿ ನೆಲದಲ್ಲಿ ಅದು ಹಗುರಾಗಿ ಉರುಳುತ್ತಿತ್ತು. ಹಸಿ ನೆಲದಲ್ಲಿ ಮಾತ್ರ ಚಾಕುವಿನಂತೆ ಇಳಿಯುತ್ತಿತ್ತು.

ಕಿರಿದಾದ ಗಾಲಿಯಿಂದ ಎತ್ತು ದಣಿಯುವುದಷ್ಟೇ ಅಲ್ಲ, ರಸ್ತೆಯೂ ಸೀಳುತ್ತದೆ. ಇಂಗ್ಲೆಂಡಿನ ಪಾರ್ಲಿಮೆಂಟು ಸುಂಕದ ರಸ್ತೆಗಳ ಮೇಲಿನ ಭಾರದ ಬಂಡಿಗಳಿಗೆ ಒಂಬತ್ತು ಅಂಗುಲ ಅಗಲದ ಗಾಲಿ ಬೇಕೆಂದು ೧೭೫೩ರಲ್ಲಿ ಕಾಯಿದೆ ಮಾಡಿತು. ನಮ್ಮ ದೇಶದಲ್ಲಿ ಮೋಟಾರು ಬಂದ ಮೇಲೆ, ಒಂದೇ ರಸ್ತೆಯಲ್ಲಿ ಕಬ್ಬಿಣದ ಹಳಿ, ರಬ್ಬರಿನ ಟೈರು ಎರಡೂ ಓಡಬೇಕಾಯಿತು. ರಸ್ತೆಗಳ ಸ್ಥಿತಿಯನ್ನು ವಿಚಾರಿಸಲು ೧೯೨೭ರಲ್ಲಿ ಜಯಕರ ಸಮಿತಿ ನೇಮಕವಾಯಿತು; ೧೯೩೪ರಲ್ಲಿ ಇಂಡಿಯನ್ ರೋಡ್ಸ್ ಕಾಂಗ್ರೆಸ್ ಹುಟ್ಟಿತು.

ಪರಿಹಾರ ಬಂದದ್ದು ಗಾಳಿಯಿಂದ. ಗಾಳಿ ತುಂಬಿದ ಟೈರಿಗೆ ರಾಬರ್ಟ್ ವಿಲಿಯಂ ಥಾಮ್ಸನ್ ಎಂಬಾತ ೧೮೪೫ರಲ್ಲಿಯೇ ಹಕ್ಕುಪತ್ರ ಪಡೆದಿದ್ದ. ಜಗತ್ತು ಅದನ್ನು ಮರೆಯಿತು. ೧೮೮೮ರಲ್ಲಿ ಬೆಲ್‌ಫಾಸ್ಟಿನ ಪಶುವೈದ್ಯ ಜಾನ್ ಬಾಯ್ಡ್ ಡನ್‌ಲಪ್ ಅದನ್ನು ಹೊಸದಾಗಿ ಕಂಡುಕೊಂಡ. ೧೯೩೦ರ ದಶಕದಿಂದ ಭಾರತದ ಎತ್ತಿನ ಗಾಡಿಗೂ ಅದು ಬಂತು. ಹಳಿ ನೆಲಕ್ಕೆ ಗೆರೆಯಷ್ಟು ತಾಗಿದರೆ ಟೈರು ಅಂಗೈಯಷ್ಟು ತಾಗುತ್ತದೆ. ಭಾರ ಹರಡಿತು, ಎತ್ತಿನ ಹೆಗಲು ಹಗುರಾಯಿತು. ಪಶುವೈದ್ಯನ ಕೈಯ ವಸ್ತು ಕಡೆಗೆ ಪಶುವಿಗೇ ಉಪಕಾರ ಮಾಡಿತು.

ಹಾಗಾದರೆ ಅಗಲವಾದಷ್ಟೂ ಒಳ್ಳೆಯದೇ? ಇಲ್ಲಿಯೇ ಎಡವುವವರು ಹೆಚ್ಚು. ೧೯೫೦ರ ದಶಕದ ಕೊನೆಯಿಂದ ೨೦೧೪ರವರೆಗೆ ತಯಾರಾದ ಅಂಬಾಸಿಡರ್ ಕಾರನ್ನು ನೆನೆಯಿರಿ. ಅದರ ಹಳೆಯ ಟೈರಿನ ಅಳತೆ ೫.೯೦–೧೫; ಅಂದರೆ ಆರು ಅಂಗುಲಕ್ಕೂ ಕಡಿಮೆ ಅಗಲದ ಟೈರು. ಆ ಕಿರಿ ಗಾಲಿಯ ಮೇಲೆಯೇ ಅದು ನಾಡಿನ ರಸ್ತೆಗಳನ್ನೆಲ್ಲ ಸುತ್ತಿತು. ಗಾಲಿ, ಅಚ್ಚು, ಸ್ಟೀರಿಂಗ್ ಒಂದಕ್ಕೊಂದು ಹೊಂದಿದ್ದುದೇ ಅದರ ಗುಟ್ಟು.

ಕಾರಿನಲ್ಲಿ ಈ ಹೊಂದಿಕೆಗೆ ಇನ್ನೊಂದು ಅಳತೆಯಿದೆ. ಅದನ್ನು ಆಫ್‌ಸೆಟ್ ಎನ್ನುವರು. ಗಾಲಿಯ ರಿಮ್ಮಿನ ಅಗಲದ ನಟ್ಟನಡುವೆ ಒಂದು ಗೆರೆ ಎಳೆಯಿರಿ. ರಿಮ್ಮು ಅಚ್ಚಿನ ಗುಂಬಕ್ಕೆ ಬೋಲ್ಟಿನಿಂದ ಕೂಡುವ ಮುಖ ಆ ಗೆರೆಯಿಂದ ಎಷ್ಟು ಮಿಲಿಮೀಟರು ಹೊರಗಿದೆಯೋ ಅದೇ ಆಫ್‌ಸೆಟ್. ರಿಮ್ಮಿನ ಮೇಲೆ ಇ.ಟಿ. ಎಂದು ಬರೆದು ಮುಂದೆ ಅಂಕಿ ಕೊಟ್ಟಿರುತ್ತಾರೆ. ಈ ಅಂಕಿ ಕಡಿಮೆಯಾದಂತೆ ಗಾಲಿ ಕಾರಿನಿಂದ ಹೊರಕ್ಕೆ ಸರಿಯುತ್ತದೆ.

ಒಂದು ಲೆಕ್ಕ ಮಾಡೋಣ. ಕಾರಿನ ಮೂಲ ರಿಮ್ಮು ೫.೫ ಅಂಗುಲ ಅಗಲ, ಆಫ್‌ಸೆಟ್ ೪೫ ಇರಲಿ. ಅಂಗಡಿಯವನು ೭ ಅಂಗುಲದ, ೩೫ ಆಫ್‌ಸೆಟ್ಟಿನ ಗಾಲಿ ತೋರಿಸಿದನೆನ್ನಿ. ಅಗಲ ಒಂದೂವರೆ ಅಂಗುಲ, ಅಂದರೆ ಸುಮಾರು ೩೮ ಮಿ.ಮೀ. ಹೆಚ್ಚಿತು, ಅದು ಒಳಗೆ ೧೯, ಹೊರಗೆ ೧೯ ಎಂದು ಹಂಚಿತು. ಆಫ್‌ಸೆಟ್ ೧೦ ಕಡಿಮೆಯಾದುದರಿಂದ ಇಡೀ ಗಾಲಿ ೧೦ ಮಿ.ಮೀ. ಹೊರಸರಿಯಿತು. ಒಟ್ಟಿನಲ್ಲಿ ಹೊರ ಅಂಚು ೨೯ ಮಿ.ಮೀ. ಹೊರಕ್ಕೆ, ಒಳ ಅಂಚು ೯ ಮಿ.ಮೀ. ಒಳಕ್ಕೆ. ಖಾಲಿ ಕಾರಿನಲ್ಲಿ ಇದು ಚೆಂದವಾಗಿಯೇ ಕಂಡೀತು. ಐದು ಜನ ಕುಳಿತು ಗುಂಡಿಗೆ ಇಳಿದಾಗ ಟೈರು ಮಡ್‌ಗಾರ್ಡಿಗೆ ಉಜ್ಜಬಹುದು. ಗಾಲಿಯ ನಡುಗೆರೆ ಹೊರಗೆ ಸರಿದುದರಿಂದ ಭಾರವು ಸನ್ನೆಗೋಲಿನಂತೆ ಬೇರಿಂಗನ್ನು ಮೀಟುತ್ತದೆ. ಸ್ಟೀರಿಂಗು ಕೈಯಿಂದ ಎಳೆದುಕೊಳ್ಳುತ್ತದೆ. ಟೈರೂ ರಿಮ್ಮಿಗೆ ತಕ್ಕದ್ದಿರಬೇಕು. ೧೮೫/೬೫ ಆರ್ ೧೫ ಟೈರಿಗೆ ೫ರಿಂದ ೬.೫ ಅಂಗುಲದ ರಿಮ್ಮು ಸಲ್ಲುತ್ತದೆ, ೭ ಅಂಗುಲದ್ದು ಸಲ್ಲದು.

ಶಿಗ್ಗಾಂವಿಯ ಹೆದ್ದಾರಿಯ ಮೇಲೆ ವೇಗವಾಗಿ ಓಡಿ, ಸಂಜೆ ಹಾನಗಲ್ಲಿನ ಹಳ್ಳಿಯ ಕೆಸರುದಾರಿಗೆ ಇಳಿಯುವ ಕಾರು ಎರಡೂ ನೆಲಕ್ಕೆ ಉತ್ತರ ಹೇಳಬೇಕು. ಕಾರು ಮಾಡಿದವರು ಆ ಉತ್ತರವನ್ನು ಅಳೆದೇ ಕೊಟ್ಟಿರುತ್ತಾರೆ. ಕಾನೂನಿನ ದೃಷ್ಟಿಯೂ ಇದೇ: ೧೯೮೮ರ ಮೋಟಾರು ವಾಹನ ಕಾಯಿದೆಯ ೫೨ನೆಯ ಕಲಮು ತಯಾರಕರ ಮೂಲ ವಿವರಕ್ಕೆ ವ್ಯತ್ಯಾಸವಾಗುವಂತೆ ವಾಹನವನ್ನು ಮಾರ್ಪಡಿಸಬಾರದೆನ್ನುತ್ತದೆ. ೨೦೧೯ರ ಜನವರಿಯಲ್ಲಿ ಸುಪ್ರೀಂ ಕೋರ್ಟೂ ಅದನ್ನೇ ಎತ್ತಿಹಿಡಿಯಿತು.

ಆದ್ದರಿಂದ ಗಾಲಿ ಬದಲಿಸಲೇಬೇಕಾದಾಗ ಮೊದಲು ಕಾರಿನ ಕೈಪಿಡಿ ತೆರೆಯಿರಿ. ಅಗಲ, ಆಫ್‌ಸೆಟ್, ಟೈರಿನ ಅಳತೆ, ಹೊರುವ ಭಾರ, ಈ ನಾಲ್ಕನ್ನು ಬರೆದುಕೊಂಡು ಅಂಗಡಿಗೆ ಹೋಗಿರಿ. ಹಳೆಯ ಬಂಡಿಕಾರನು ಊರು ಬಿಡುವ ಮುನ್ನ ಬಗ್ಗಿ ಕಡಾಣಿಯನ್ನು ಮುಟ್ಟಿ ನೋಡುತ್ತಿದ್ದ. ಬಣ್ಣವನ್ನು ಆಮೇಲೆ ನೋಡಿದರೂ ನಡೆದೀತು.