ಗೂಗಲ್‌ನಲ್ಲಿ ನಿಮ್ಮ ಅಂಗಡಿ ‘ಮುಚ್ಚಿದೆ’ ಅಂತ ತೋರಿಸ್ತಿದೆಯಾ? ಒಮ್ಮೆ ನೋಡಿಕೊಳ್ಳಿ

ಮೊಬೈಲ್‌ನಲ್ಲಿ ‘ಹತ್ತಿರದ ಹಾರ್ಡ್‌ವೇರ್ ಅಂಗಡಿ’ ಅಂತ ಹುಡುಕಿದರೆ ಮೊದಲು ಬರೋದು ಮ್ಯಾಪ್, ಅದರ ಜೊತೆ ಸಾಮಾನ್ಯವಾಗಿ ಮೂರೇ ಅಂಗಡಿಗಳ ಹೆಸರು. 2015ಕ್ಕೂ ಮೊದಲು ಏಳು ಹೆಸರು ಬರುತ್ತಿದ್ದವು. ಫೋನ್ ನಂಬರ್, ಟೈಮಿಂಗ್, ದಾರಿ, ಸ್ಟಾರ್ ಎಲ್ಲ ಅಲ್ಲೇ ಸಿಗುವುದರಿಂದ ಗಿರಾಕಿ ಅಲ್ಲಿಂದಲೇ ಕಾಲ್ ಮಾಡಬಹುದು. ದುಡ್ಡು ಕೊಟ್ಟು ಮಾಡಿಸಿದ ವೆಬ್‌ಸೈಟ್ ತೆರೆಯುವ ಅಗತ್ಯವೇ ಬೀಳಲ್ಲ.

ಈ ವಿವರ ನಿರ್ವಹಿಸಲು ಮಾಲೀಕರಿಗೆ ಇರುವುದು ‘ಗೂಗಲ್ ಬಿಸಿನೆಸ್ ಪ್ರೊಫೈಲ್’. 2021ರವರೆಗೆ ಇದರ ಹೆಸರು ಗೂಗಲ್ ಮೈ ಬಿಸಿನೆಸ್. ಮಾಲೀಕರು ಸೇರಿಸದಿದ್ದರೂ ಅಂಗಡಿ ಮ್ಯಾಪ್‌ನಲ್ಲಿ ಇರಬಹುದು. ತೊಂದರೆ ಶುರುವಾಗೋದೇ ಇಲ್ಲಿ. ಟೈಮಿಂಗ್ ತಪ್ಪಿದೆ, ಅಂಗಡಿ ಕಾಯಂ ಮುಚ್ಚಿದೆ ಅಂತ ಯಾರು ಬೇಕಾದರೂ ತಿದ್ದುಪಡಿ ಸೂಚಿಸಬಹುದು. ಗೂಗಲ್ ಅದನ್ನು ಒಪ್ಪಿಬಿಟ್ಟರೆ, ಶಟರ್ ತೆಗೆದು ಕೂತಿದ್ದರೂ ಗಿರಾಕಿ ಪಕ್ಕದ ಅಂಗಡಿಗೆ ಹೋಗ್ತಾರೆ.

ಹಾಗಂತ ಎಲ್ಲವನ್ನೂ ಗೂಗಲ್‌ಗೇ ಬಿಡುವುದೂ ಸರಿಯಲ್ಲ. ಇದೇ ಪ್ರೊಫೈಲ್‌ನಿಂದ ಪುಕ್ಕಟೆ ಸಿಗುತ್ತಿದ್ದ ವೆಬ್‌ಸೈಟ್‌ಗಳನ್ನು ಕಂಪನಿ 2024ರ ಮಾರ್ಚ್‌ನಲ್ಲಿ ನಿಲ್ಲಿಸಿತು. ಆ ವಿಳಾಸವನ್ನು ಬೋರ್ಡು, ಬಿಲ್ ಬುಕ್ಕಿನ ಮೇಲೆಲ್ಲ ಅಚ್ಚು ಹಾಕಿಸಿದ್ದವರ ಪಾಡು ಹೇಳೋದೇ ಬೇಡ. ಸ್ವಂತ ಹೆಸರಿನ ವೆಬ್‌ಸೈಟ್ ಇದ್ದವರಿಗೆ ಈ ಬಿಸಿ ತಟ್ಟಲಿಲ್ಲ.

ಅಂಗಡಿ ಹೆಸರನ್ನು ಗೂಗಲ್‌ನಲ್ಲಿ ಹುಡುಕಿ, ಮಾಲೀಕರು ನೀವೇ ಎಂದು ದಾಖಲಿಸಿ. ಬೋರ್ಡು, ಒಳಗಿನ ಜಾಗ ತೋರಿಸುವ ವಿಡಿಯೋ ಕೇಳಬಹುದು. ಇದಕ್ಕೆ ಗೂಗಲ್ ಶುಲ್ಕ ತೆಗೆದುಕೊಳ್ಳಲ್ಲ. ‘ಗೂಗಲ್‌ನಿಂದ ಮಾತಾಡ್ತಿದೀವಿ, ವೆರಿಫೈ ಮಾಡೋಕೆ ದುಡ್ಡು ಹಾಕಿ’ ಅಂತ ಯಾರಾದರೂ ಫೋನ್ ಮಾಡಿದರೆ ಕಟ್ ಮಾಡಿ. ವಾರದ ರಜೆ, ಹಬ್ಬದ ರಜೆಯನ್ನೂ ಅಲ್ಲೇ ಹಾಕಿಡಬಹುದು.