ಪೇಶಿ ಯಾರದು?

ಉಮರ್ಗಾ ತಾಲ್ಲೂಕಿನ ನಮ್ಮ ಮನೆಯಲ್ಲಿ ಮಾತು ಕನ್ನಡ, ಮಕ್ಕಳ ಸಾಲಿ ಮರಾಠಿ. ತಂಗಿಯ ಮಗಳು ಹತ್ತನೇ ತರಗತಿಯ ವಿಜ್ಞಾನದ ಪುಸ್ತಕ ಹಿಡಿದು ಪಡಸಾಲೆಯಲ್ಲಿ ಗಟ್ಟಿಯಾಗಿ ಓದುತ್ತಿದ್ದಳು: ‘ಪೇಶೀ ವಿಭಾಜನ’. ಹೊರಸಿನ ಮೇಲೆ ಮಲಗಿದ್ದ ನಮ್ಮಪ್ಪ ತಟ್ಟನೆ ಎದ್ದು ಕೂತರು. “ಯಾವ ಹೊಲದ ಪೇಶಿ ಯವ್ವಾ? ವಾಟಣಿ ಯಾರ್‍ಯಾರದು?”

ಅವರ ಕಿವಿಯದು ತಪ್ಪಲ್ಲ. ನಮ್ಮ ಕಡೆ ವಾಟಣಿ ಅಂದರೆ ಆಸ್ತಿಯ ಹಂಚಿಕೆ, ಪೇಶಿ ಅಂದರೆ ಕೋರ್ಟಿನ ತಾರೀಖು. ಪಾರಸಿಯಲ್ಲಿ ‘ಪೇಶ್’ ಎಂದರೆ ಮುಂದೆ. ಸಾಹೇಬರ ಮುಂದೆ ಹಾಜರಾಗುವುದೇ ಪೇಶಿ, ಕಾಗದ ಮುಂದಿಡುವವನು ಪೇಷ್ಕಾರ. ಈ ಸೀಮೆಯೆಲ್ಲ ನಿಜಾಮರ ಹೈದರಾಬಾದಿಗೆ ಸೇರಿತ್ತು. ನಿಲಂಗಾ, ಉದಗೀರ 1956ರವರೆಗೆ ಬೀದರ ಜಿಲ್ಲೆಯ ತಾಲ್ಲೂಕುಗಳು. ಆಮೇಲೆ ಉಸ್ಮಾನಾಬಾದಿಗೆ ಹೋದವು, 1982ರಲ್ಲಿ ಹೊಸ ಲಾತೂರ ಜಿಲ್ಲೆಗೆ. ಜಿಲ್ಲೆ ಬದಲಾದರೂ ಕಚೇರಿಯ ಮಾತು ಬಾಯಲ್ಲಿ ಉಳಿಯಿತು.

ಹುಡುಗಿಯ ಪುಸ್ತಕದ ಪೇಶಿ ಬೇರೆ. ಅದು ಸಂಸ್ಕೃತದ್ದು, ಅರ್ಥ ಮಾಂಸದ ತುಂಡು. ಮೈಯಲ್ಲಿ ಇಂಥ 500 ಪೇಶಿಗಳಿವೆ ಎಂದು ಸುಶ್ರುತಸಂಹಿತೆ ಎಣಿಸುತ್ತದೆ. ಅಲ್ಲಿ ಅವು ಇಂದು ನಾವು ಸ್ನಾಯು ಎನ್ನುವವು. ಸುಶ್ರುತನ ‘ಸ್ನಾಯು’ ಎಲುಬು-ಕೀಲುಗಳನ್ನು ಬಿಗಿಯುವ ನಾರು, ಅದರ ಲೆಕ್ಕ 900. ಎರಡನೇ ತಿಂಗಳ ಗರ್ಭದ ಉದ್ದನೆಯ ಮುದ್ದೆಗೂ ಆಯುರ್ವೇದದಲ್ಲಿ ಪೇಶಿ ಎಂದೇ ಹೆಸರು. ಹಿಂದಿ ಹಳೆಯ ಅರ್ಥವನ್ನೇ ಇಟ್ಟುಕೊಂಡಿತು. ಮರಾಠಿ, ಕನ್ನಡಗಳಲ್ಲಿ ಮಾಂಸಖಂಡಕ್ಕೆ ಸ್ನಾಯು ಬಂದು ಕೂತಿತು; ತೆರವಾದ ಪೇಶಿಯನ್ನು ಮರಾಠಿ ಎತ್ತಿಕೊಂಡು ಜೀವದ ಅತಿ ಸಣ್ಣ ಘಟಕಕ್ಕೆ ಇಟ್ಟಿತು. ಕನ್ನಡ ಆ ಜಾಗಕ್ಕೆ ‘ಕೋಶ’ವನ್ನು ಕರೆಯಿತು.

ಯಾವ ಹೆಸರು ಸರಿ ಎಂದು ನಾನು ಬಹಳ ಕಾಲ ಒಳಗೊಳಗೇ ಕನ್ನಡದ ಪರ ವಾದಿಸುತ್ತಿದ್ದೆ. 1665ರಲ್ಲಿ ರಾಬರ್ಟ್ ಹುಕ್ ಬೆಂಡಿನ ತೆಳು ಸೀಳನ್ನು ಸೂಕ್ಷ್ಮದರ್ಶಕದಡಿ ಇಟ್ಟು, ಜೇನುಹಟ್ಟಿಯಂಥ ಖಾನೆಗಳನ್ನು ಕಂಡು ‘ಸೆಲ್’ ಎಂದ. ಲ್ಯಾಟಿನ್ನಿನಲ್ಲಿ ಅದು ಸಣ್ಣ ಕೋಣೆ. ಕೋಶವೂ ಒಳಗೇನನ್ನೋ ಇಟ್ಟುಕೊಳ್ಳುವ ವಸ್ತುವೇ: ಕತ್ತಿಯ ಒರೆ, ಹೂವಿನ ಮೊಗ್ಗು, ರೇಷ್ಮೆಹುಳುವಿನ ಗೂಡು. ಉರ್ದುವಿನ ‘ಖಲಿಯಾ’ ಕೂಡ ಅರಬ್ಬಿಯಲ್ಲಿ ಜೇನುಗೂಡು. ಹುಕ್ ಕಂಡದ್ದಕ್ಕೆ ಇಷ್ಟು ಹತ್ತಿರ ಬಂದ ಹೆಸರು ನಮ್ಮ ಸುತ್ತಲಿನ ಭಾಷೆಗಳಲ್ಲಿ ಇನ್ನೊಂದಿಲ್ಲ.

ಆದರೆ ಹುಕ್ ನೋಡಿದ್ದು ಸತ್ತ ತೊಗಟೆ. ಅವನ ಕೋಣೆಗಳು ಖಾಲಿ ಇದ್ದವು, ಉಳಿದದ್ದು ಗೋಡೆ ಮಾತ್ರ. ಗೋಡೆ ಮುಖ್ಯವಲ್ಲ, ಒಳಗೆ ಕೇಂದ್ರವಿರುವ ಜೀವರಸದ ಮುದ್ದೆಯೇ ಮುಖ್ಯ ಎಂದು ಮ್ಯಾಕ್ಸ್ ಶುಲ್ಟ್ಸೆ ಹೇಳಿದ್ದು 1861ರಲ್ಲಿ. ಪ್ರಾಣಿಗಳ ಕೋಶಕ್ಕೆ ಗೋಡೆಯೇ ಇಲ್ಲ. ಇದನ್ನು ಓದಿದ ದಿನ ಮರಾಠಿಯ ಪೇಶಿ ನನಗೆ ಬೇರೆಯಾಗಿ ಕಂಡಿತು. ಮಾಂಸದ ಮುದ್ದೆ ಎಂಬ ಆ ಹಳೆಯ ಅರ್ಥ ಕೋಣೆಯನ್ನು ಬಿಟ್ಟು ಕೋಣೆಯೊಳಗಿನ ಜೀವಕ್ಕೆ ಕೈಹಾಕುತ್ತದೆ.

ಕೋಶಕ್ಕೆ ಇನ್ನೊಂದು ಬಲವಿದೆ. ಅರ್ಥಶಾಸ್ತ್ರದಲ್ಲಿ ರಾಜ್ಯದ ಏಳು ಅಂಗಗಳಲ್ಲಿ ಕೋಶ ಒಂದು, ಅಂದರೆ ಬೊಕ್ಕಸ. ನಮ್ಮ ನೆರೆಯ ಕಲ್ಯಾಣದಲ್ಲಿ ಬಸವಣ್ಣ ಬಿಜ್ಜಳನ ಭಂಡಾರಿಯಾಗಿ ನೋಡಿಕೊಂಡದ್ದೂ ಇಂಥ ಕೋಶವನ್ನೇ. ಮಾತುಗಳ ಬೊಕ್ಕಸ ಶಬ್ದಕೋಶ. ‘ದೇಶ ಸುತ್ತು, ಕೋಶ ಓದು’ ಎಂಬ ಗಾದೆಯ ಕೋಶವೂ ಪುಸ್ತಕವೇ. ಜೀವಕೋಶದ ನಡುವೆ ಪೀಳಿಗೆಯಿಂದ ಪೀಳಿಗೆಗೆ ನಕಲಾಗುತ್ತ ಬಂದ ಡಿಎನ್‌ಎ ಬರಹವಿದೆ ಎಂದು ಗೊತ್ತಾದ ಮೇಲೆ, ಬೊಕ್ಕಸ ಮತ್ತು ಪುಸ್ತಕ ಎಂಬ ಎರಡೂ ಅರ್ಥ ಅದಕ್ಕೆ ಒಗ್ಗಿಬಿಟ್ಟವು. ಇದನ್ನು ಯಾರೂ ಮೊದಲೇ ಯೋಚಿಸಿ ಇಟ್ಟಿರಲಾರರು.

ಒಳಗಿನ ಅಂಗಗಳ ಹೆಸರುಗಳಲ್ಲಿ ನಾನು ಮರಾಠಿಗೆ ಸೋಲುತ್ತೇನೆ. ಆಹಾರದಿಂದ ಶಕ್ತಿ ತೆಗೆಯುವ ಕಣಕ್ಕೆ 1898ರಲ್ಲಿ ಕಾರ್ಲ್ ಬೆಂಡಾ ಗ್ರೀಕಿನ ದಾರ ಮತ್ತು ಕಾಳು ಸೇರಿಸಿ ಹೆಸರಿಟ್ಟ. ಮರಾಠಿ ಅದನ್ನು ‘ತಂತುಕಣಿಕಾ’ ಮಾಡಿತು, ನಾವು ಮೈಟೋಕಾಂಡ್ರಿಯ ಎಂದೇ ಓದುತ್ತೇವೆ. ಬಣ್ಣ ಹೀರುವುದರಿಂದ ಕ್ರೋಮೊಸೋಮಿಗೆ ಕನ್ನಡ ‘ವರ್ಣತಂತು’ ಎಂದರೆ, ಮರಾಠಿ ಅದರ ಕೆಲಸ ನೋಡಿ ‘ಗುಣಸೂತ್ರ’ ಎಂದಿತು.

ಒಂದು ಕಡೆ ಮಾತ್ರ ಕನ್ನಡದ ಕೈ ಮೇಲು. ಮರಾಠಿ ‘ಪ್ರದ್ರವ್ಯಪಟಲ’ ಎನ್ನುವುದಕ್ಕೆ ನಾವು ‘ಕೋಶಪೊರೆ’ ಎನ್ನುತ್ತೇವೆ. ಹಾವು ಬಿಡುವುದು ಪೊರೆ, ಅಪ್ಪನ ಎಡಗಣ್ಣಿಗೆ ಬಂದದ್ದೂ ಪೊರೆ. ಅವೇ ಅಕ್ಷರಗಳ ಕ್ರಿಯಾಪದಕ್ಕೆ ಕಾಪಾಡು, ಸಲಹು ಎಂಬ ಅರ್ಥ. ಬೇಕಾದ್ದನ್ನು ಒಳಗೆ ಬಿಟ್ಟುಕೊಂಡು, ಬೇಡಾದ್ದನ್ನು ತಡೆದು ಕೋಶವನ್ನು ಉಳಿಸುವ ಆ ತೆಳು ಪದರಕ್ಕೆ ಇದಕ್ಕಿಂತ ಒಳ್ಳೆಯ ಮಾತು ನನಗೆ ತೋಚುವುದಿಲ್ಲ.

ಹುಡುಗಿ ಅಡುಗೆಮನೆಯಿಂದ ಉಳ್ಳಾಗಡ್ಡಿ ತಂದು, ಒಂದು ಪದರ ಮುರಿದು, ಒಳಮೈಯ ಸಿಪ್ಪೆಯನ್ನು ಉಗುರಿನಿಂದ ಮೆಲ್ಲಗೆ ಎಳೆದಳು. ಗಾಜಿನಂಥ ಪೊರೆ ಬೆರಳಿಗೆ ಅಂಟಿ ಬಂತು. ಅದನ್ನು ಮುತ್ಯಾನ ಕಣ್ಣಿನ ಹತ್ತಿರ ಹಿಡಿದು, “ಇದರಾಗ ಎಲ್ಲಾ ಪೇಶಿನೇ ಅವ” ಅಂದಳು.

“ವಾಟಣಿ ಆದ್ರ ಪಾಲು ಸಣ್ಣದು ಆಗ್ತದಲ್ಲ?” ಎಂದರು ಅಪ್ಪ. ನಾಲ್ಕು ಜನ ಅಣ್ಣತಮ್ಮಂದಿರಲ್ಲಿ ಹೊಲ ಹಂಚಿಕೊಂಡವರು ಅವರು.

“ಇಲ್ಲ ಮುತ್ಯಾ. ಉಳ್ಳಾಗಡ್ಡಿ ಪೇಶಿದಾಗ ಗುಣಸೂತ್ರ 16 ಇರ್ತಾವ. ವಾಟಣಿಕಿಂತ ಮೊದಲೇ ಪ್ರತಿಯೊಂದರದು ಇನ್ನೊಂದು ತಯಾರ ಆಗ್ತದ. ಆಮೇಲೆ ಇಬ್ಬರಿಗೂ ಪೂರಾ 16, 16. ಮತ್ತ ಎರಡೂ ಬೆಳದು ದೊಡ್ಡು ಆಗ್ತಾವ.”

ಅಪ್ಪ ಸ್ವಲ್ಪ ಹೊತ್ತು ಸುಮ್ಮನಿದ್ದರು. “ಹಂಗಾರ ಬದುವಿನ ಕಲ್ಲು ಎಲ್ಲಿ ಹುಗೀತಾರ?”

ಅವಳು ವಹಿಯಲ್ಲಿ ಒಂದು ಉದ್ದನೆಯ ಚೌಕ ಬರೆದು, ಪೆನ್ಸಿಲ್ಲನ್ನು ಸರಿಯಾಗಿ ನಡುವೆ ಊರಿ, ಅಲ್ಲಿಂದ ಎರಡೂ ಗೋಡೆಗಳ ಕಡೆಗೆ ಗೆರೆ ಎಳೆಯತೊಡಗಿದಳು.