ನೋಡುವ ಬಿಡಾರ, ಕೂಡುವ ಬಿಡಾರ

ಕನ್ನಡದಲ್ಲಿ ಬೀಡು, ಬಿಡದಿ, ಬಿಡಾರ ಎಂಬ ಮೂರು ಮಾತುಗಳಿವೆ. ಮೂರಕ್ಕೂ ಬೇರು 'ಬಿಡು' ಎಂಬ ಒಂದೇ ಧಾತು. ಎತ್ತುಗಳನ್ನು ನೊಗದಿಂದ ಬಿಟ್ಟು, ಹೊರೆ ಇಳಿಸಿ, ಮೂರು ಕಲ್ಲಿಟ್ಟು ಒಲೆ ಹೂಡಿದರೆ ಆ ಜಾಗ ಬಿಡಾರವಾಯಿತು. ಶಾಸನಗಳಲ್ಲಿ ಅರಸರು ನೆಲಸಿದ ರಾಜಧಾನಿಗೆ 'ನೆಲೆವೀಡು' ಎಂಬ ಹೆಸರಿದೆ. ಜಾತ್ರೆಗೆ ಹೋದ ರೈತ ನಾಲ್ಕು ಗಳ ನೆಟ್ಟು ಗರಿ ಹೊದಿಸಿದ ಚಪ್ಪರಕ್ಕೂ ಅದೇ ಕುಲದ ಹೆಸರು. ಹೆಸರು ಒಂದೇ ಕುಲದ್ದಾದರೂ ಎರಡು ಬಿಡಾರಗಳ ಸ್ವಭಾವ ಒಂದೇ ಅಲ್ಲ. ಒಂದು ನೋಡುವುದಕ್ಕೆ ಕಟ್ಟಿದ್ದು, ಇನ್ನೊಂದು ಕೂಡುವುದಕ್ಕೆ ಕಟ್ಟಿದ್ದು. ಮೈಸೂರು ಸೀಮೆಯ ಚರಿತ್ರೆಯಲ್ಲಿ ಈ ಎರಡೂ ಬಗೆಗಳು ಜೊತೆಜೊತೆಯಾಗಿ ನಡೆದು ಬಂದಿವೆ.

ಈ ವಿಚಾರವನ್ನು ಈಗ ಎತ್ತುವುದಕ್ಕೆ ಕಾರಣವುಂಟು. ಅಮೆರಿಕದ ನೆವಾಡ ಮರುಭೂಮಿಯಲ್ಲಿ ವರ್ಷಕ್ಕೊಮ್ಮೆ 'ಬರ್ನಿಂಗ್ ಮ್ಯಾನ್' ಎಂಬ ಬಯಲು ಕಲೋತ್ಸವ ನಡೆಯುತ್ತದೆ. 1986ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋದ ಕಡಲ ದಂಡೆಯಲ್ಲಿ ಆರಂಭವಾದ ಈ ಉತ್ಸವ 1990ರಲ್ಲಿ ಮರುಭೂಮಿಗೆ ಸರಿಯಿತು. ಅಲ್ಲಿ ಒಂದೊಂದು ಗುಂಪಿನವರು ಒಂದೊಂದು ವಿಷಯವನ್ನು ಹಿಡಿದು ಬಿಡಾರ ಹೂಡುತ್ತಾರೆ. ಒಳ್ಳೆಯ ಜಾಗ ಬೇಕಾದವರು ತಮ್ಮ ಯೋಜನೆಯನ್ನು ಮುಂಚಿತವಾಗಿ ಬರೆದು ಕಳುಹಿಸಬೇಕು; ಬಂದವರು ಕೈಹಾಕಿ ಪಾಲ್ಗೊಳ್ಳುವಂಥದು ತಮ್ಮಲ್ಲಿ ಏನಿದೆ ಎಂಬುದನ್ನು ಅದರಲ್ಲಿ ತಿಳಿಸಬೇಕು. ಬಿಡಾರದಲ್ಲಿ ಏನನ್ನೂ ಮಾರುವಂತಿಲ್ಲ, ಕೊಡುವುದೆಲ್ಲ ಕೊಡುಗೆಯಾಗಿಯೇ ಕೊಡಬೇಕು. ಇದನ್ನು ಕೇಳಿದ ನಮ್ಮ ತರುಣರು ಹೊಸದೊಂದನ್ನು ಕಂಡಂತೆ ಬೆರಗಾಗುತ್ತಾರೆ. ಬೆರಗಾಗುವುದು ತಪ್ಪಲ್ಲ. ಆದರೆ ಅದಕ್ಕೆ ಮುನ್ನ ನಮ್ಮ ಹಿತ್ತಿಲನ್ನೊಮ್ಮೆ ನೋಡಿಕೊಳ್ಳುವುದು ಲೇಸು.

ಮೊದಲು ನೋಡುವ ಬಿಡಾರದ ಕಥೆ. 1443ರಲ್ಲಿ ವಿಜಯನಗರಕ್ಕೆ ಬಂದ ಪಾರಸಿಕ ರಾಯಭಾರಿ ಅಬ್ದುಲ್ ರಜಾಕನು ಮಹಾನವಮಿಯ ಬಯಲಿನಲ್ಲಿ ಎದ್ದ ಹಲವು ಅಂತಸ್ತುಗಳ ಚಿತ್ರಮಂಟಪಗಳನ್ನು ವರ್ಣಿಸಿದ್ದಾನೆ. ಅವುಗಳಲ್ಲಿ ಕೆಲವು ತಿರುಗುತ್ತ ಗಳಿಗೆಗೊಂದು ಮುಖ ತೋರುತ್ತಿದ್ದವಂತೆ. ಅವನ ತರುವಾಯ, ಹದಿನಾರನೆಯ ಶತಮಾನದಲ್ಲಿ, ಪೋರ್ಚುಗೀಸ್ ಕುದುರೆ ವ್ಯಾಪಾರಿ ನ್ಯೂನಿಜ್ ಬರೆದ ವೃತ್ತಾಂತ ನಮಗೆ ಇನ್ನೂ ಹೆಚ್ಚು ಬೆಲೆಯುಳ್ಳದ್ದು. ಅರಮನೆಯೆದುರು ಒಂಬತ್ತು ಮಂದಿ ಪ್ರಮುಖ ನಾಯಕರು ಒಂಬತ್ತು ಎತ್ತರವಾದ ಕೋಟೆಯಾಕಾರದ ಮಂಟಪಗಳನ್ನು ಕಟ್ಟಿಸುತ್ತಿದ್ದರು. ಅವುಗಳಲ್ಲಿ ನರ್ತಕಿಯರೂ ನಾನಾ ಬಗೆಯ ಯಂತ್ರಚಮತ್ಕಾರಗಳೂ ಇರುತ್ತಿದ್ದವು. ಇದಲ್ಲದೆ ಉಳಿದ ನಾಯಕರೂ ತಲೆಗೊಂದರಂತೆ ಮಂಟಪ ಮಾಡಿ ಅರಸನಿಗೆ ತಂದು ತೋರಿಸಬೇಕಿತ್ತು; ಒಬ್ಬೊಬ್ಬರದು ಒಂದೊಂದು ಬೇರೆ ಕಲ್ಪನೆ. ಒಂದು ಬಯಲು, ಹಲವು ಬಿಡಾರ, ಬಿಡಾರಕ್ಕೊಂದು ವಿಷಯ! ಆದರೆ ಅಷ್ಟೂ ವೈಭವ ತಿರುಗಿ ನಿಂತದ್ದು ಒಬ್ಬ ಅರಸನ ಕಣ್ಣಿನ ಕಡೆಗೆ.

ಆ ಮಹಾನವಮಿಯನ್ನು ರಾಜ ಒಡೆಯರು 1610ರಲ್ಲಿ ಶ್ರೀರಂಗಪಟ್ಟಣದಲ್ಲಿ ಮುಂದುವರಿಸಿದರು. 1880ರಲ್ಲಿ ಹತ್ತನೆಯ ಚಾಮರಾಜ ಒಡೆಯರು ದಸರೆಗೆ ವಸ್ತುಪ್ರದರ್ಶನವನ್ನು ಸೇರಿಸಿದರು. ನೋಡುವ ಕಣ್ಣು ಅರಸನೊಬ್ಬನದು ಮಾತ್ರವಾಗಿದ್ದುದು ಹೋಗಿ ಎಲ್ಲ ಪ್ರಜೆಗಳದೂ ಆಯಿತು. ಇದು ಸಾಮಾನ್ಯ ಲಾಭವಲ್ಲ. ಆದರೂ ಮಳಿಗೆಯ ಆಚೆ ವಸ್ತು, ಈಚೆ ಜನ, ನಡುವೆ ಅಡ್ಡಪಟ್ಟಿ ಎಂಬ ಏರ್ಪಾಡು ಮಾತ್ರ ಉಳಿದುಕೊಂಡಿತು.

ಈ ಬಗೆಯ ಬಿಡಾರ ತನ್ನ ತುದಿ ಮುಟ್ಟಿದ್ದು ಹೆಗ್ಗಡದೇವನಕೋಟೆಯ ಕಾಡಿನಲ್ಲಿ. ಕಾಕನಕೋಟೆಯ ಖೆಡ್ಡಾ ಎಂದರೆ ಕಾಡಾನೆ ಹಿಡಿಯುವ ಕೆಲಸವೂ ಹೌದು, ಅತಿಥಿಗಳಿಗಾಗಿ ಅಣಿಗೊಳಿಸಿದ ಮಹಾಪ್ರದರ್ಶನವೂ ಹೌದು. 1889ರಲ್ಲಿ ಬ್ರಿಟಿಷ್ ರಾಜಕುಮಾರ ಆಲ್ಬರ್ಟ್ ವಿಕ್ಟರ್ ಬಂದಾಗ ಸ್ಯಾಂಡರ್ಸನ್ ದೊರೆ ಅದನ್ನು ಏರ್ಪಡಿಸಿದ. ಅಲ್ಲಿಂದ ಮುಂದೆ ದೊಡ್ಡ ಅತಿಥಿಗಳು ಬಂದಾಗಲೆಲ್ಲ ಕಾಡಿನ ನಡುವೆ ಡೇರೆಗಳ ಊರೇ ಏಳುವುದು ಸಂಪ್ರದಾಯವಾಯಿತು. ಆನೆಯ ಜಾಡು ಬಲ್ಲವರು ಜೇನುಕುರುಬರು, ಬೆಟ್ಟಕುರುಬರು; ಹಿಂಡನ್ನು ಅಟ್ಟಿ ತರುವ ಅಪಾಯ ಅವರದು. ಅಟ್ಟಣೆಯ ಮೇಲೆ ಕುಳಿತು ನೋಡುವ ಸುಖ ಬೇರೆಯವರದು. 1971ರಲ್ಲಿ ಕಡೆಯ ಖೆಡ್ಡಾ ನಡೆಯಿತು. ಬೀಚನಹಳ್ಳಿಯ ಬಳಿ ಕಬಿನಿಗೆ ಕಟ್ಟಿದ ಅಣೆಯ ಹಿನ್ನೀರು ಆ ಬಯಲನ್ನೂ ಮುಳುಗಿಸಿತು. ಕಾಡನ್ನು ಬಲ್ಲವರ ಕೈಗೆ ದುಡಿಮೆಯನ್ನಷ್ಟೇ ಕೊಟ್ಟು, ಕಾಡನ್ನರಿಯದವರ ಕಣ್ಣಿಗೆ ವಿನೋದವನ್ನಷ್ಟೇ ಕೊಟ್ಟ ಆ ಬಿಡಾರ ನೀರಿನ ಕೆಳಗೆ ಹೋಯಿತೆಂದು ಮರುಗಬೇಕಾಗಿಲ್ಲ.

ಇನ್ನು ಕೂಡುವ ಬಿಡಾರ. ಅದನ್ನು ಕಾಣಲು ಹಳೆಯ ಕೃಷ್ಣರಾಜನಗರ ತಾಲ್ಲೂಕಿನ ಚುಂಚನಕಟ್ಟೆಗೆ ಸಂಕ್ರಾಂತಿಯ ಸುಮಾರಿಗೆ ಹೋಗಬೇಕು. ಕಾವೇರಿ ಬಂಡೆಗಳ ನಡುವೆ ಸೀಳಿ ಧುಮುಕುವ ಜಾಗ. ದಡದಲ್ಲಿ ಕೋದಂಡರಾಮನ ಗುಡಿ. ಈ ಗುಡಿಯಲ್ಲಿ ಸೀತೆ ರಾಮನ ಬಲಕ್ಕೆ ನಿಂತಿದ್ದಾಳೆ. ಚುಂಚ, ಚುಂಚಿ ಎಂಬ ಕಾಡಿನ ದಂಪತಿಗಳ ಅತಿಥಿಯಾಗಿ ರಾಮನು ಇಲ್ಲಿ ತಂಗಿದ್ದನೆಂದು ಸ್ಥಳದ ಐತಿಹ್ಯ ಹೇಳುತ್ತದೆ. ಊರಿನ ಹೆಸರೇ ಒಂದು ಬಿಡಾರದ ನೆನಪು. ಆದರೆ ಹೆಸರು ಉಳಿದದ್ದು ಬಂದ ದೇವರದಲ್ಲ, ಬರಮಾಡಿಕೊಂಡವರದು ಎಂಬುದನ್ನು ಗಮನಿಸಬೇಕು.

ರಥೋತ್ಸವಕ್ಕೆ ಮುಂಚೆಯೇ ದನದ ಜಾತ್ರೆ ಕೂಡುತ್ತದೆ. ಹಳ್ಳಿಕಾರ್ ಜೋಡಿಗಳನ್ನು ವಾದ್ಯದೊಡನೆ ಮೆರವಣಿಗೆಯಲ್ಲಿ ತರುವವರುಂಟು. ಕೊಂಬಿಗೆ ಬಣ್ಣ, ಕೊರಳಿಗೆ ಗೆಜ್ಜೆಸರ, ಮೈಮೇಲೆ ಜೂಲು; ಕಾಲಿನ ಕೆಳಗೆ ಮೆತ್ತಗೆ ಹಾಸಿದ ಹುಲ್ಲು. ಈ ದನದ ಅಭಿಮಾನಕ್ಕೆ ಈ ಸೀಮೆಯಲ್ಲಿ ಹಳೆಯ ಬೇರಿದೆ. ಚಿಕ್ಕದೇವರಾಜ ಒಡೆಯರ ಕಾಲದ ಬೆಣ್ಣೆ ಚಾವಡಿ ಟಿಪ್ಪುವಿನ ಕಾಲದಲ್ಲಿ ಅಮೃತಮಹಲ್ ಎನಿಸಿತು. ಫಿರಂಗಿ ಎಳೆಯುವ ಎತ್ತುಗಳನ್ನು ಒದಗಿಸಿದ ಆ ಇಲಾಖೆಗೆ ಹತ್ತೊಂಬತ್ತನೆಯ ಶತಮಾನದಲ್ಲಿ ಹುಣಸೂರು ಕೇಂದ್ರವಾಗಿತ್ತು. ಪಿರಿಯಾಪಟ್ಟಣದ ಕಡೆಯ ಬೆಟ್ಟದಪುರವೂ ದನದ ಜಾತ್ರೆಗೆ ಹೆಸರಾದದ್ದೇ.

ಜಾತ್ರೆಯ ಬಿಡಾರಕ್ಕೆ ನಕ್ಷೆ ಬರೆದವರಾರೂ ಇಲ್ಲ. ಆದರೂ ಅಲ್ಲಿ ಯೋಜನೆ ಇಲ್ಲವೆನ್ನುವಂತಿಲ್ಲ. ಒಂದೂರಿನವರು ಸಾಮಾನ್ಯವಾಗಿ ಒತ್ತಾಗಿ ಇಳಿಯುತ್ತಾರೆ. ನೆರಳು ಯಾವ ಮಗ್ಗುಲಿಗೆ ಬೀಳುತ್ತದೆ, ನೀರು ಎಷ್ಟು ದೂರ, ರಾತ್ರಿ ಕಾವಲು ಯಾರದು, ಮೇವು ಎಷ್ಟು ದಿನಕ್ಕೆ ಸಾಲುತ್ತದೆ ಎಂಬುದೆಲ್ಲ ಮನೆ ಬಿಡುವ ಮೊದಲೇ ತೀರ್ಮಾನವಾಗಿರುತ್ತದೆ. ಎಲ್ಲಕ್ಕಿಂತ ದೊಡ್ಡ ಏರ್ಪಾಡೆಂದರೆ ಬಂದವನಿಗೆ ಅಲ್ಲಿ ಕೆಲಸವಿರುವುದು. 'ಎಷ್ಟು ಹಲ್ಲಣ್ಣ?' ಎಂದು ಕೇಳಿದರೆ 'ನೀವೇ ಬಾಯಿ ಬಿಡಿಸಿ ನೋಡಿ ಸ್ವಾಮಿ' ಎಂಬ ಉತ್ತರ ಬರುತ್ತದೆ. ಹಾಲುಹಲ್ಲೋ, ಎರಡೋ, ನಾಲ್ಕೋ, ಬಾಯಿಗೂಡಿದೆಯೋ ಎಂದು ಅವನೇ ನೋಡಬೇಕು. ಬೆನ್ನು ಸವರಿ ಸುಳಿ ಹುಡುಕಬೇಕು, ನಡೆಸಿ ನಡೆ ನೋಡಬೇಕು. ಕೊನೆಗೆ ದಲ್ಲಾಳಿಯ ಟವೆಲಿನ ಕೆಳಗೆ ಬೆರಳು ಹಿಡಿದು ಬೆಲೆ ಹೇಳಬೇಕು. ಕೊಳ್ಳದವನಿಗೂ ತನ್ನ ಅಭಿಪ್ರಾಯ ಹೇಳುವ ಹಕ್ಕುಂಟು. ಅದನ್ನು ಅವನು ಬಿಟ್ಟುಕೊಡುವುದೂ ಇಲ್ಲ. ಇಲ್ಲಿ ಬರಿಯ ಪ್ರೇಕ್ಷಕನೆಂಬ ಪ್ರಾಣಿಯೇ ಇಲ್ಲವೆಂದರೆ ತಪ್ಪಾಗಲಾರದು.

ಇದರ ಜೊತೆಗೆ ಅರವಟ್ಟಿಗೆಯನ್ನೂ ಎಣಿಸಬೇಕು. 'ಅಱ' ಎಂದರೆ ಧರ್ಮ. ದಾರಿಹೋಕರಿಗೆ ಧರ್ಮಕ್ಕೆ ನೀರು ಕೊಡುವ ಚಪ್ಪರ ಅದು. ಅರವಟ್ಟಿಗೆ ನಡೆಸುವುದಕ್ಕೆಂದು ದತ್ತಿ ಬಿಟ್ಟ ಶಾಸನಗಳು ಕನ್ನಡನಾಡಿನಲ್ಲಿ ಹಲವಿವೆ. ಜಾತ್ರೆಯ ದಾರಿಯಲ್ಲಿ ಈಗಲೂ ಮಜ್ಜಿಗೆ ಪಾನಕಗಳ ಚಪ್ಪರ ಕಾಣುತ್ತದೆ. ಕುಡಿದವನ ಹೆಸರು ಕೇಳುವವರಿಲ್ಲ, ಹಣ ಕೇಳುವವರಿಲ್ಲ. ಮರುಭೂಮಿಯ ಆ ಮೇಳದವರು ನಿಯಮವಾಗಿ ಬರೆದುಕೊಂಡದ್ದನ್ನು ನಮ್ಮವರು ವಾಡಿಕೆಯಾಗಿ ನಡೆಸಿಕೊಂಡು ಬಂದರು.

ಚರಿತ್ರೆಯ ಈ ಪಾಠ ಇಂದಿನ ಕೆಲಸಕ್ಕೆ ಬರುತ್ತದೆಯೆ? ನಮ್ಮ ಕಾಲೇಜಿನ ಕೆಲವು ವಿದ್ಯಾರ್ಥಿಗಳಿಗೆ ಒಂದು ಬಯಲು ಕಲಾಮೇಳದಲ್ಲಿ ರಾಗಿಯನ್ನು ವಿಷಯವಾಗಿಟ್ಟುಕೊಂಡು ಬಿಡಾರ ಹೂಡುವ ಅವಕಾಶ ಒದಗಿತ್ತು. ಅವರ ಮೊದಲ ಯೋಜನೆಯಲ್ಲಿ ಇದ್ದದ್ದು ಹದಿನೆಂಟು ಚಿತ್ರಪಟಗಳು, ಕೆಳಗೆ ವಿವರಣೆ, ಒಂದು ಮೂಲೆಯಲ್ಲಿ ಬೀಸುವ ಕಲ್ಲು, ಅದರ ಸುತ್ತ ಹಗ್ಗ. ಅದನ್ನು ಓದುತ್ತಿದ್ದಾಗ ಸಾಲಿಗ್ರಾಮದ ಕಡೆಯ ರೈತರ ಮನೆಯ ಹುಡುಗಿಯೊಬ್ಬಳು, 'ಬಂದವರು ಏನು ಮಾಡಬೇಕು ಸಾರ್?' ಎಂದಳು. ಆ ಒಂದು ಪ್ರಶ್ನೆಯಿಂದ ಯೋಜನೆಯೆಲ್ಲ ಹೊಸದಾಯಿತು. ಪಟಗಳು ನಾಲ್ಕಕ್ಕೆ ಇಳಿದವು. ಕಲ್ಲು ನಡುವೆ ಬಂತು, ಪಕ್ಕದಲ್ಲಿ ಚಾಪೆ, ಮೊರ, ಜರಡಿ. ಬಂದವರು ತಲಾ ಒಂದು ಹಿಡಿ ರಾಗಿ ಬೀಸುವುದು, ಆ ಹಿಟ್ಟಿನಿಂದ ಸಂಜೆ ಅಂಬಲಿ ಕಾಸಿ ಬಂದವರಿಗೇ ಕೊಡುವುದು ಎಂದು ಗೊತ್ತಾಯಿತು. ಹಗ್ಗ ಬೇಡವೇ ಎಂದು ವ್ಯವಸ್ಥಾಪಕರು ಕೇಳಿದರು. ಬೆರಳು ಜಜ್ಜೀತೆಂಬ ಅವರ ಭಯ ಸುಳ್ಳಲ್ಲ. ಹಗ್ಗದ ಬದಲು ಪಾಳಿಯ ಮೇಲೆ ಇಬ್ಬಿಬ್ಬರು ಕಲ್ಲಿನ ಬಳಿ ಕುಳಿತರು. ನಡುಹಗಲಿನ ಹೊತ್ತಿಗೆ ಕಲ್ಲಿನ ಮುಂದೆ ಸಾಲು ಬೆಳೆದಿತ್ತು. ವಯಸ್ಸಾದ ಹೆಂಗಸರು ಹುಡುಗಿಯರಿಗೆ ಗೂಟ ಹಿಡಿಯುವುದನ್ನು ಹೇಳಿಕೊಡುತ್ತಿದ್ದರು. ಬಿಡಾರ ಯಾರದು, ಅತಿಥಿ ಯಾರು ಎಂಬ ಭೇದ ಅಷ್ಟು ಹೊತ್ತಿಗೆ ಅಳಿಸಿಹೋಗಿತ್ತು.

ಮೈಸೂರಿನಲ್ಲಿ 1989ರಲ್ಲಿ ಸ್ಥಾಪನೆಯಾದ ರಂಗಾಯಣ 2001ರಿಂದ 'ಬಹುರೂಪಿ' ನಾಟಕೋತ್ಸವವನ್ನು ನಡೆಸುತ್ತ ಬಂದಿದೆ. ಅದಕ್ಕೂ ವರ್ಷಕ್ಕೊಂದು ವಿಷಯವಿಡುವ ರೂಢಿಯುಂಟು. 2020ರಲ್ಲಿ 'ಗಾಂಧಿ ಪಥ' ವಿಷಯವಾಗಿತ್ತು. ವಿಷಯವನ್ನು ಆರಿಸುವುದು ಯೋಜನೆಯ ಅರ್ಧ ಭಾಗ. ಬಂದವನ ಕೈಗೆ ಏನು ಕೊಡಬೇಕು ಎಂಬುದು ಉಳಿದರ್ಧ. ಇಂಥ ಮೇಳಗಳಲ್ಲಿ ಬಿಡಾರ ಹೂಡಹೊರಟವರು ಆ ಉಳಿದರ್ಧವನ್ನು ಕಲಿಯಬೇಕಾದರೆ ಹತ್ತಿರದ ಜಾತ್ರೆಗೆ ಹೋಗಬೇಕು.

ಆದರೆ ಕಲಿಸುವ ಜಾತ್ರೆಗಳೇ ಈಗ ಇಕ್ಕಟ್ಟಿನಲ್ಲಿವೆ. ಟ್ರಾಕ್ಟರು ಬಂದ ಮೇಲೆ ಉಳುವುದಕ್ಕಾಗಿ ಎತ್ತು ಕೊಳ್ಳುವವರು ಕಡಮೆ. ಕೊರೋನಾ ಮತ್ತು ಚರ್ಮಗಂಟು ರೋಗದ ವರ್ಷಗಳಲ್ಲಿ ದನದ ಜಾತ್ರೆಗಳಿಗೆ ತಡೆಯೂ ಬಿತ್ತು. ಈಗ ಜನರ ಕಣ್ಣು ಸೆಳೆಯುವವು ಲಕ್ಷಗಟ್ಟಲೆ ಬೆಲೆಯ, ಬಹುಮಾನಕ್ಕೆಂದು ಸಾಕಿದ ಜೋಡಿಗಳು. ಅವುಗಳ ಚಪ್ಪರದಲ್ಲಿ ದೀಪ ಹೆಚ್ಚು, ಹಲ್ಲು ನೋಡುವವರು ಕಡಮೆ, ಪಕ್ಕದಲ್ಲಿ ನಿಂತು ಪಟ ತೆಗೆಸಿಕೊಳ್ಳುವವರು ಬಹಳ. ಕೂಡುವ ಬಿಡಾರವೂ ಮೆಲ್ಲಮೆಲ್ಲಗೆ ನೋಡುವ ಬಿಡಾರವಾಗುತ್ತಿದೆ. ಎತ್ತನ್ನು ಮತ್ತೆ ನೇಗಿಲಿಗೆ ಹೂಡಿ ಎಂದು ರೈತನಿಗೆ ಹೇಳುವ ಅಧಿಕಾರ ಪೇಟೆಯಲ್ಲಿ ಕುಳಿತ ನಮಗಿಲ್ಲ. ಹಾಗೆ ಹೇಳುವುದು ನ್ಯಾಯವೂ ಅಲ್ಲ. ಗುರುತಿಲ್ಲದವನನ್ನು ಚಪ್ಪರದೊಳಗೆ ಕರೆದು, ಅವನ ಕೈಗೊಂದು ಕೆಲಸ ಕೊಟ್ಟು, ಅವನ ಮಾತಿಗೆ ಕಿವಿಗೊಡುವ ವಿದ್ಯೆಯನ್ನು ಮಾತ್ರ ನಾವು ಅವನಿಂದ ಈಗಲೇ ಕಲಿತುಕೊಳ್ಳಬಹುದು. ಅದಕ್ಕೆ ಎತ್ತೇ ಬೇಕೆಂದಿಲ್ಲ. ಒಂದು ಬೀಸುವ ಕಲ್ಲು ಸಾಕು. ಕಲಿಸಬಲ್ಲವರು ಸಂಕ್ರಾಂತಿಯ ಹೊತ್ತಿಗೆ ಚುಂಚನಕಟ್ಟೆಯಲ್ಲಿ ಇನ್ನೂ ಸಿಗುತ್ತಾರೆ.